ಹಿತ್ತಿಲ ಶೆಡ್ಡಿನಲ್ಲಿ ಛಾಯಾಚಿತ್ರ ಸ್ಟುಡಿಯೋ: ಕಡಿಮೆ ಬಂಡವಾಳದ ಸ್ವ-ಉದ್ಯೋಗ ಕುರಿತು ಅಧ್ಯಯನ ಪಾಠ

ಪಾಠದ ಉದ್ದೇಶ

ಪಿಂಚಣಿ, ಬ್ಯಾಂಕ್ ಖಾತೆ, ಶಾಲಾ ದಾಖಲಾತಿ, ಪರೀಕ್ಷಾ ಅರ್ಜಿ ಮುಂತಾದವುಗಳಿಗೆ ಭಾವಚಿತ್ರ ಅಗತ್ಯ. ಸ್ಟುಡಿಯೋ ಇಲ್ಲದ ಗ್ರಾಮದ ಕೂಲಿಕಾರರು ಇದಕ್ಕಾಗಿ ಹೋಬಳಿ ಅಥವಾ ತಾಲ್ಲೂಕು ಕೇಂದ್ರಕ್ಕೆ ಹೋದರೆ ಬಸ್ ದರದ ಜೊತೆಗೆ ದಿನದ ಕೂಲಿಯೂ ನಷ್ಟವಾಗುತ್ತದೆ. ಆದುದರಿಂದ ಗ್ರಾಮದಲ್ಲಿಯೇ ಸ್ಟುಡಿಯೋ ತೆರೆಯಬಯಸುವ ಯುವಜನರು ಹಾಗೂ ಸ್ವಸಹಾಯ ಸಂಘದ ಮಹಿಳೆಯರು ಸಲಹೆ ಕೇಳಿಕೊಂಡು ಸದಸ್ಯರ ಬಳಿಗೆ ಬರುವುದು ಸಹಜ. ದುಬಾರಿ ಕ್ಯಾಮೆರಾಕ್ಕಾಗಿ ಮೊದಲೇ ಸಾಲ ಮಾಡಿದರೆ, ಗಿರಾಕಿ ಬರುವ ಮುನ್ನವೇ ಕಂತು ಬರುತ್ತದೆ. ಮೊದಲು ಸ್ಥಳ ಮತ್ತು ಬೆಳಕು, ಅನಂತರ ಬೇಡಿಕೆಯ ಲೆಕ್ಕ, ಕೊನೆಯಲ್ಲಿ ಸಾಲ ಎಂಬ ಕ್ರಮವನ್ನು ಸದಸ್ಯರು ಮನವರಿಕೆ ಮಾಡಿಕೊಡುವುದು ಅವಶ್ಯ.

1. ಸ್ಥಳ

ಸೌದೆ ಅಥವಾ ಸಾಮಾನು ಇಡುವ ಹಳೆಯ ಶೆಡ್ ಸಾಕು. ಆದರೆ ಉದ್ದ ಸುಮಾರು 12 ಅಡಿ ಇರಬೇಕು. ಕುಳಿತವರ ನೆರಳು ಹಿಂದಿನ ಗೋಡೆಯ ಮೇಲೆ ಬೀಳದಂತೆ ಅವರಿಗೂ ಗೋಡೆಗೂ 3 ರಿಂದ 4 ಅಡಿ ಅಂತರ, ಅವರಿಂದ ಕ್ಯಾಮೆರಾಕ್ಕೆ 5 ರಿಂದ 6 ಅಡಿ ಅಂತರ, ಉಳಿದದ್ದು ಛಾಯಾಗ್ರಾಹಕರು ನಿಲ್ಲುವ ಜಾಗ. ಕ್ಯಾಮೆರಾವನ್ನು ತೀರ ಹತ್ತಿರ ಹಿಡಿದರೆ ಮೂಗು ದೊಡ್ಡದಾಗಿಯೂ ಕಿವಿಗಳು ಚಿಕ್ಕದಾಗಿಯೂ ಕಾಣುತ್ತವೆ. ಕುಟುಂಬದ ಗುಂಪು ಚಿತ್ರಗಳನ್ನು ಅಂಗಳದ ನೆರಳಿನಲ್ಲಿ ತೆಗೆಯಬಹುದು.

ಒಳಗೋಡೆಗಳಿಗೆ ಬಿಳಿ ಸುಣ್ಣ ಬಳಿಯುವುದು ಮೊದಲ ಕೆಲಸ. ಹಸಿರು ಅಥವಾ ನೀಲಿ ಗೋಡೆಗೆ ತಾಗಿದ ಬೆಳಕು ಅದೇ ಬಣ್ಣವನ್ನು ಮುಖದ ಮೇಲೆ ತರುತ್ತದೆ.

2. ಬೆಳಕು

ಹಗಲಿನ ಬೆಳಕಿಗೆ ವೆಚ್ಚವಿಲ್ಲ. ಉತ್ತರ ದಿಕ್ಕಿನ ಕಿಟಕಿಯಿಂದ ವರ್ಷದ ಬಹುಭಾಗ ನೇರ ಬಿಸಿಲಿಲ್ಲದ ಮೃದುವಾದ ಬೆಳಕು ಬರುತ್ತದೆ. ಆದರೆ ಕರ್ನಾಟಕದಲ್ಲಿ ಬೇಸಿಗೆಯ ಕೊನೆಯಿಂದ ಮಳೆಗಾಲದ ನಡುವಿನವರೆಗೆ ಸೂರ್ಯನು ನಡುನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲುತ್ತಾನೆ. ಬೆಂಗಳೂರಿನ ಅಕ್ಷಾಂಶದಲ್ಲಿ ಈ ಅವಧಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಇರುತ್ತದೆ; ಬೀದರಿನಂತಹ ಉತ್ತರದ ಜಿಲ್ಲೆಗಳಲ್ಲಿ ಇದಕ್ಕಿಂತ ಕಡಿಮೆ. ಆ ದಿನಗಳಲ್ಲಿ ಕಿಟಕಿಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿದರೆ ಬೆಳಕು ಹದವಾಗುತ್ತದೆ. ಕಿಟಕಿಯ ಎದುರು ಬದಿಯಲ್ಲಿ ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿದರೆ ಮುಖದ ಮತ್ತೊಂದು ಪಾರ್ಶ್ವದ ಕಪ್ಪು ನೆರಳು ತಿಳಿಯಾಗುತ್ತದೆ.

ಸಂಜೆಯ ಕೆಲಸಕ್ಕೆ ಒಂದೇ ಬಣ್ಣದ ಎಲ್‌ಇಡಿ ದೀಪಗಳನ್ನು ಬಳಸತಕ್ಕದ್ದು. ಹಳದಿ ಮತ್ತು ಬಿಳಿ ದೀಪಗಳನ್ನು ಬೆರೆಸಿದರೆ ಮೈಬಣ್ಣ ಕೆಡುತ್ತದೆ. ದೀಪದ ದೂರವನ್ನು ಎರಡು ಪಟ್ಟು ಮಾಡಿದರೆ ಬೆಳಕು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಹೆಚ್ಚು ದೀಪ ಕೊಳ್ಳುವ ಮೊದಲು ಇರುವ ದೀಪವನ್ನು ಹತ್ತಿರಕ್ಕೆ ತಂದು ನೋಡಬೇಕು. 40 ವ್ಯಾಟಿನ ನಾಲ್ಕು ದೀಪಗಳು ಐದು ಗಂಟೆ ಉರಿದರೂ ಖರ್ಚಾಗುವುದು 0.8 ಯೂನಿಟ್ ಮಾತ್ರ.

3. ಉಪಕರಣ ಮತ್ತು ರಕ್ಷಣೆ

ಅರ್ಜಿಯ ಭಾವಚಿತ್ರಕ್ಕೆ ಉತ್ತಮ ಮೊಬೈಲ್ ಅಥವಾ ಬಳಸಿದ ಕ್ಯಾಮೆರಾ ಮತ್ತು ಒಂದು ಟ್ರೈಪಾಡ್ ಆರಂಭಕ್ಕೆ ಸಾಕು. 4×6 ಇಂಚಿನ ಒಂದು ಹಾಳೆಯಲ್ಲಿ 35×45 ಮಿ.ಮೀ. ಅಳತೆಯ ಎಂಟು ಚಿತ್ರಗಳು ಹಿಡಿಯುತ್ತವೆ. ಆನ್‌ಲೈನ್ ಅರ್ಜಿಗಳಲ್ಲಿ ಕಡತದ ಗಾತ್ರಕ್ಕೆ ಮಿತಿ ಇರುವುದರಿಂದ, ಚಿತ್ರವನ್ನು ಆ ಮಿತಿಗೆ ಇಳಿಸಿಕೊಡುವ ಕೌಶಲವೂ ಬೇಕು.

ತಗಡಿನ ಚಾವಣಿಗೆ ಮೇಲಿನಿಂದ ಸುಣ್ಣ ಬಳಿದರೆ ಶಾಖ ತಗ್ಗುತ್ತದೆ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದ ತೇವದಿಂದ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುವುದು ಸುಲಭ ಉಪಾಯ. ತಗಡಿನ ಶೆಡ್ಡಿಗೆ ತೂಗುಹಾಕಿದ ವೈರಿನಲ್ಲಿ ವಿದ್ಯುತ್ ಎಳೆಯುವುದು ಅಪಾಯಕರ. ಸರಿಯಾದ ಅರ್ಥಿಂಗ್ ಕಡ್ಡಾಯವಾಗಿ ಇರಬೇಕು.

4. ಲೆಕ್ಕ ಮತ್ತು ಸಾಲ

ಉದಾಹರಣೆಗೆ, ಸಾಲದ ಕಂತು, ವಿದ್ಯುತ್ ಮುಂತಾದ ತಿಂಗಳ ಖರ್ಚು 3,000 ರೂಪಾಯಿ ಎಂದೂ, ಕಾಗದ ಮತ್ತು ಶಾಯಿಯ ವೆಚ್ಚ ಕಳೆದು ಪ್ರತಿ ಗಿರಾಕಿಯಿಂದ 30 ರೂಪಾಯಿ ಉಳಿಯುತ್ತದೆ ಎಂದೂ ಇಟ್ಟುಕೊಳ್ಳೋಣ. ಖರ್ಚು ಸರಿದೂಗಲು ತಿಂಗಳಿಗೆ 100 ಗಿರಾಕಿಗಳು, ಅಂದರೆ 25 ಕೆಲಸದ ದಿನಗಳಲ್ಲಿ ದಿನಕ್ಕೆ ನಾಲ್ವರು ಬರಬೇಕು. ಕುಟುಂಬದ ಕೈಗೆ ಆದಾಯ ಸಿಗುವುದು ಐದನೆಯವರಿಂದ. ಗ್ರಾಮದಲ್ಲಿ ಅಷ್ಟು ಬೇಡಿಕೆ ಇದೆಯೇ ಎಂಬುದನ್ನು ಸಾಲಕ್ಕೆ ಸಹಿ ಹಾಕುವ ಮುನ್ನವೇ ವಿಚಾರಿಸುವುದು ಲೇಸು. ನಾಮಕರಣ, ಸೀಮಂತ, ಶಾಲಾ ವಾರ್ಷಿಕೋತ್ಸವದ ಚಿತ್ರಗಳು ಹೆಚ್ಚುವರಿ ಆದಾಯವೇ ಹೊರತು ಪ್ರತಿ ತಿಂಗಳೂ ನಂಬಬಹುದಾದ ಆದಾಯವಲ್ಲ.

ಬಂಡವಾಳ ಬೇಕಾದಲ್ಲಿ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಆಸ್ತಿ ಅಡಮಾನವಿಲ್ಲದೆ ಸಾಲ ಪಡೆಯಲು ಅವಕಾಶವಿದೆ. ಉದ್ಯಮ್ ನೋಂದಣಿಗೆ ಯಾವುದೇ ಶುಲ್ಕವಿಲ್ಲ. ಹಣ ಕೇಳುವ ಮಧ್ಯವರ್ತಿಗಳ ಬಗ್ಗೆ ಎಚ್ಚರಿಸಬೇಕು. ತರಬೇತಿಗಾಗಿ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯನ್ನು ಅಥವಾ ಅದೇ ಮಾದರಿಯ, ಜಿಲ್ಲೆಯ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯನ್ನು ಸಂಪರ್ಕಿಸಬಹುದು.

5. ಗ್ರಾಮ ಪಂಚಾಯಿತಿಯ ಪಾತ್ರ

ಹೊಸ ಶೆಡ್ ಕಟ್ಟುವುದಾದರೆ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಂತೆ ಬೇಕಾಗುವ ಅನುಮತಿಯ ಬಗ್ಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಂದ ಮೊದಲೇ ಮಾಹಿತಿ ಕೊಡಿಸತಕ್ಕದ್ದು. ಗೃಹಬಳಕೆಯ ವಿದ್ಯುತ್ ಸಂಪರ್ಕವನ್ನು ವ್ಯಾಪಾರಕ್ಕೆ ಬಳಸುವ ಮುನ್ನ ವಿದ್ಯುತ್ ಸರಬರಾಜು ಕಂಪನಿಯ ಶಾಖಾ ಕಚೇರಿಯಲ್ಲಿ ವಿಚಾರಿಸುವಂತೆಯೂ ತಿಳಿಸಬೇಕು.

ಮಹಿಳೆಯರ ವಿಶ್ವಾಸವಿಲ್ಲದೆ ಗ್ರಾಮದ ಸ್ಟುಡಿಯೋ ಉಳಿಯಲಾರದು. ಒಪ್ಪಿಗೆಯಿಲ್ಲದೆ ಯಾರ ಚಿತ್ರವನ್ನೂ ಗೋಡೆಯಲ್ಲಾಗಲಿ ವಾಟ್ಸಾಪ್‌ನಲ್ಲಾಗಲಿ ಹಾಕಬಾರದು. ಅರ್ಜಿಗಾಗಿ ಬಂದ ಆಧಾರ್ ಪ್ರತಿಗಳನ್ನು ಕೆಲಸ ಮುಗಿದೊಡನೆ ಅಳಿಸಬೇಕು. ಸೀರೆ ಸರಿಪಡಿಸಿಕೊಳ್ಳುವ ಮೂಲೆಗೆ ಪರದೆ ಇರಬೇಕು, ಅಲ್ಲಿ ಮೊಬೈಲ್ ಇಡಬಾರದು. ಈ ನಿಯಮಗಳನ್ನು ಕನ್ನಡದಲ್ಲಿ ಬರೆದು ಬಾಗಿಲಲ್ಲಿ ತೂಗುಹಾಕಿಸುವುದು ಸೂಕ್ತ.

ಚರ್ಚೆಗೆ ಪ್ರಶ್ನೆಗಳು

ಅ) ತಮ್ಮ ವಾರ್ಡಿನ ಜನರು ಭಾವಚಿತ್ರಕ್ಕಾಗಿ ಎಷ್ಟು ದೂರ ಹೋಗುತ್ತಾರೆ? ಒಬ್ಬರಿಗೆ ತಗಲುವ ಒಟ್ಟು ವೆಚ್ಚ ಎಷ್ಟು?

ಆ) ದಿನಕ್ಕೆ ನಾಲ್ವರು ಗಿರಾಕಿಗಳ ಬೇಡಿಕೆ ತಮ್ಮ ಗ್ರಾಮದಲ್ಲಿದೆಯೇ? ಇಲ್ಲವಾದರೆ ಪಕ್ಕದ ಗ್ರಾಮಗಳನ್ನು ಸೇರಿಸಿ ವಾರಕ್ಕೆ ಎರಡು ದಿನ ನಡೆಸಬಹುದೇ?

ಇ) ನಡೆಯಲಾರದ ವೃದ್ಧರು ಮತ್ತು ವಿಕಲಚೇತನರ ಮನೆಗೇ ಹೋಗಿ ಚಿತ್ರ ತೆಗೆಯುವ ವ್ಯವಸ್ಥೆ ಹೇಗೆ ಮಾಡಬಹುದು?