ಬಾದಾಮಿಯ ಹಾದಿಯಲ್ಲಿ ಅಥೆನ್ಸಿನ ಪಾಠ



ರಜೆ ಹತ್ತಿರ ಬಂದಂತೆ ಮನೆಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ವೇಲಾಂಕಣಿಗೂ ಹಳೆಗೋವೆಗೂ ಹೋಗಿಬಂದವರು, ಈ ಸಲ ಮಕ್ಕಳಿಗೆ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ತೋರಿಸೋಣ ಎಂದುಕೊಳ್ಳುವುದುಂಟು. ಆಗ ಮಗು ಕೇಳುತ್ತದೆ: "ಅಪ್ಪಾ, ಅಲ್ಲಿರುವುದೆಲ್ಲಾ ಗುಡಿಗಳಲ್ಲವೇ? ನಾವು ಹೋಗಬಹುದೇ?"

ಈ ಪ್ರಶ್ನೆಯನ್ನು ಗದರಿಸಿ ಅಡಗಿಸಬೇಡಿ. ಇದು ವಿಶ್ವಾಸದಿಂದಲೇ ಹುಟ್ಟಿದ ಪ್ರಶ್ನೆ. ಉತ್ತರಕ್ಕೆ ಪ್ರೇಷಿತರ ಕಾರ್ಯಕಲಾಪಗಳ 17ನೇ ಅಧ್ಯಾಯವನ್ನು ಮನೆಮಂದಿಯೆಲ್ಲ ಕೂಡಿ ಓದಿರಿ. ಅಥೆನ್ಸಿನಲ್ಲಿ ವಿಗ್ರಹಗಳನ್ನು ಕಂಡು ಸಂತ ಪೌಲರ ಮನಸ್ಸು ಕದಡಿತು. ಆದರೂ ಅವರು ಮುಖ ತಿರುಗಿಸಿ ಹೋಗಲಿಲ್ಲ, ಹಳಿಯಲೂ ಇಲ್ಲ. ಊರನ್ನು ಸುತ್ತಾಡಿ ಗಮನವಿಟ್ಟು ನೋಡಿದರು. ಅರಿಯದ ದೇವರಿಗೆ ಮೀಸಲಾಗಿದ್ದ ಒಂದು ಪೀಠವನ್ನು ಕಂಡು, ಅಲ್ಲಿಂದಲೇ ತಮ್ಮ ಬೋಧನೆಯನ್ನು ಆರಂಭಿಸಿದರು. ಅನ್ಯಧರ್ಮಗಳಲ್ಲಿರುವ ಸತ್ಯವಾದುದನ್ನೂ ಪವಿತ್ರವಾದುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿದ್ದೂ ಇದೇ ಮನೋಭಾವದಿಂದ.

ಆದ್ದರಿಂದ ಹೋಗಿರಿ; ಕಣ್ಣು ತೆರೆದು ನೋಡಿರಿ. ಬಾದಾಮಿಯ ಕೆಂಪು ಬಂಡೆಗಳನ್ನೂ ಅವುಗಳ ನಡುವಿನ ಅಗಸ್ತ್ಯತೀರ್ಥವನ್ನೂ ಕಂಡಾಗ ಸೃಷ್ಟಿಕರ್ತನನ್ನು ಸ್ತುತಿಸದಿರಲಾದೀತೇ? ಅಲ್ಲಿ ಬೆಟ್ಟ ಕೊರೆದು ಮಾಡಿದ ನಾಲ್ಕು ಗುಹಾಲಯಗಳಿವೆ. ಮೂರನೆಯದರಲ್ಲಿ 578ನೇ ಇಸವಿಯ ಶಾಸನವಿದೆ, ನಾಲ್ಕನೆಯದು ಜೈನರದು. ಶಿವ, ವಿಷ್ಣು, ಜಿನರ ಆಲಯಗಳು ಒಂದೇ ಬೆಟ್ಟದಲ್ಲಿ ನೆರೆಹೊರೆಯಾಗಿವೆ.

ಮಲಪ್ರಭೆಯ ದಡದ ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ವಿರೂಪಾಕ್ಷ ದೇವಾಲಯದ ಕಥೆಯನ್ನು ಮಕ್ಕಳಿಗೆ ತಪ್ಪದೆ ಹೇಳಿರಿ. 8ನೇ ಶತಮಾನದಲ್ಲಿ ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯನು ಪಲ್ಲವರ ಕಂಚಿಯನ್ನು ಗೆದ್ದನು. ಗೆದ್ದವನು ಗುಡಿಯನ್ನು ಕೊಳ್ಳೆಹೊಡೆಯಲಿಲ್ಲ. ಅದರ ಸಂಪತ್ತನ್ನು ದೇವಾಲಯಕ್ಕೇ ಮರಳಿಸಿದನೆಂದು ಕಂಚಿಯ ಕೈಲಾಸನಾಥ ದೇವಾಲಯದಲ್ಲಿರುವ ಕನ್ನಡ ಶಾಸನ ಹೇಳುತ್ತದೆ. ಆ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದೇ ಈ ದೇವಾಲಯ. ಶತ್ರುವಿನ ಪೂಜಾಸ್ಥಳವನ್ನು ಆ ಅರಸ ಗೌರವಿಸಿದನು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸೆಂಬ ಯೇಸುಸ್ವಾಮಿಯ ಆಜ್ಞೆಯನ್ನು ಪಡೆದ ನಾವು ಅವನಿಗಿಂತ ಹಿಂದುಳಿಯಬಹುದೇ?

ಅಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ನಾವು ಆ ಪೂಜೆಯಲ್ಲಿ ಪಾಲ್ಗೊಳ್ಳಬೇಕಾಗಿಲ್ಲ. ಆದರೆ ಪಾದರಕ್ಷೆ ಕಳಚುವುದು, ಸಭ್ಯ ಉಡುಪು ಧರಿಸುವುದು, ಮೂರ್ತಿಗಳನ್ನು ಹಾಸ್ಯಮಾಡದಿರುವುದು, ಇಷ್ಟಾದರೂ ನಮ್ಮಿಂದ ಆಗಲೇಬೇಕು. ನಮ್ಮ ಚರ್ಚಿಗೆ ಬರುವ ಅನ್ಯಧರ್ಮೀಯರಿಂದ ನಾವು ಬಯಸುವುದೂ ಇದನ್ನೇ ಅಲ್ಲವೇ?

ಕಲ್ಲನ್ನು ನೋಡಿ ಮನುಷ್ಯರನ್ನು ಮರೆಯಬೇಡಿ. ಅಲ್ಲಿಂದ ಮುಂದೆ ಗುಡೂರು, ಇಳಕಲ್ಲಿನ ಕಡೆ ಕೈಮಗ್ಗದ ಸದ್ದು ಕೇಳೀತು. ಇಳಕಲ್ಲ ಸೀರೆಯ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆಬೇರೆ. ನೇಕಾರರು ಕೊಂಡಿ ಹಾಕಿ ಅವೆರಡನ್ನೂ ಕೂಡಿಸುತ್ತಾರೆ. ಅಷ್ಟು ದುಡಿದವರೊಡನೆ ಹತ್ತಿಪ್ಪತ್ತು ರೂಪಾಯಿಗಾಗಿ ಚೌಕಾಸಿ ಮಾಡುವ ಮುನ್ನ, ಸಂತ ಪೌಲರೂ ಗುಡಾರ ಮಾಡುವ ಕಸುಬಿನಿಂದ ಬದುಕಿದವರೆಂಬುದನ್ನು ನೆನೆಯಿರಿ.

ಇನ್ನೊಂದು ಮಾತು. ಪ್ರವಾಸವೆಂದು ಭಾನುವಾರದ ಬಲಿಪೂಜೆಯನ್ನು ಕೈಬಿಡಬೇಡಿ. ಹೊರಡುವ ಮೊದಲೇ ಹತ್ತಿರದ ಚರ್ಚು ಎಲ್ಲಿದೆ, ಪೂಜೆ ಎಷ್ಟು ಹೊತ್ತಿಗೆ ಎಂದು ವಿಚಾರಿಸಿಕೊಳ್ಳಿರಿ. ಶನಿವಾರ ಸಂಜೆಯ ಪೂಜೆಯಿಂದಲೂ ಆ ಕರ್ತವ್ಯ ನೆರವೇರುತ್ತದೆ. ಇಳಕಲ್ಲಿನಿಂದ ಪೂರ್ವಕ್ಕೆ ಹೋದರೆ ಮುದಗಲ್ಲು. ಆದಿಲಶಾಹಿ ಸುಲ್ತಾನರ ಕಾಲದಿಂದಲೂ ಕಥೋಲಿಕರು ಬಾಳಿಬಂದಿರುವ ಊರದು. ಈ ಬಯಲುಸೀಮೆಯ ಚರಿತ್ರೆಯಲ್ಲಿ ನಮ್ಮವರಿಗೂ ಒಂದು ಪಾಲಿದೆಯೆಂದು ಮಕ್ಕಳು ಅಲ್ಲಿ ಕಣ್ಣಾರೆ ಕಾಣಲಿ.

ಮನೆಯಲ್ಲಿ ಚರ್ಚಿಸಿರಿ:
1. ಅನ್ಯಧರ್ಮೀಯರ ಪೂಜಾಸ್ಥಳದ ಮುಂದೆ ನಮ್ಮ ಮಕ್ಕಳು ನಮ್ಮ ನಡತೆಯಿಂದ ಏನನ್ನು ಕಲಿಯುತ್ತಿದ್ದಾರೆ?
2. ಪ್ರವಾಸದಲ್ಲೂ ಜಪಸರ ಪ್ರಾರ್ಥನೆಗೆ ನಾವು ಸಮಯ ಮೀಸಲಿಡುತ್ತೇವೆಯೇ?