ಬೀದಿದೀಪದ ಕಂಬದಿಂದ ವಾಹನ ಚಾರ್ಜಿಂಗ್: ಲಂಡನ್ ನಗರದ ಅನುಭವ

ವಿದ್ಯುತ್ ಚಾಲಿತ ವಾಹನದ ಮಾಲೀಕನಿಗೆ ಅತ್ಯಂತ ಅಗ್ಗದ ಇಂಧನವು ದೊರೆಯುವುದು ಅವನ ಸ್ವಂತ ಮನೆಯಲ್ಲಿ. ರಾತ್ರಿ ಸಂಪರ್ಕ ನೀಡಿದ ವಾಹನವು ಬೆಳಗಾಗುವುದರೊಳಗೆ ಸಂಚಾರಕ್ಕೆ ಸಿದ್ಧವಾಗಿರುತ್ತದೆ. ಆದರೆ ಈ ಸೌಲಭ್ಯವು ಮನೆಯ ಆವರಣದಲ್ಲಿ ವಾಹನ ನಿಲ್ಲಿಸಲು ಸ್ಥಳಾವಕಾಶವುಳ್ಳವರಿಗೆ ಮಾತ್ರ ಲಭ್ಯ. ಬ್ರಿಟನ್ನಿನ ಸುಮಾರು ಮೂರನೇ ಒಂದು ಭಾಗದಷ್ಟು ಕುಟುಂಬಗಳಿಗೆ ಅಂತಹ ಸ್ಥಳವಿಲ್ಲ. ಲಂಡನ್ನಿನ ಒಳಭಾಗದ ಹಳೆಯ ಸಾಲುಮನೆಗಳ ಬೀದಿಗಳಲ್ಲಿ ಈ ಪ್ರಮಾಣವು ಇನ್ನೂ ಅಧಿಕ. ಈ ನಿವಾಸಿಗಳಿಗಾಗಿ ಆ ನಗರವು ಕಂಡುಕೊಂಡ ಮಾರ್ಗವು ವಾಣಿಜ್ಯ ದೃಷ್ಟಿಯಿಂದ ಅಧ್ಯಯನಯೋಗ್ಯವಾಗಿದೆ.

ಇರುವ ಸಂಪರ್ಕದ ಸದ್ಬಳಕೆ

ಹೊಸ ಚಾರ್ಜಿಂಗ್ ಕೇಂದ್ರವನ್ನು ಸ್ಥಾಪಿಸುವಾಗ ಯಂತ್ರದ ಬೆಲೆಯಷ್ಟೇ ಅಲ್ಲದೆ ರಸ್ತೆ ಅಗೆತ, ಕೇಬಲ್ ಹಾಗೂ ಹೊಸ ವಿದ್ಯುತ್ ಸಂಪರ್ಕದ ವೆಚ್ಚಗಳೂ ಸೇರುತ್ತವೆ. ಬೀದಿದೀಪದ ಕಂಬಕ್ಕಾದರೋ ಸಂಪರ್ಕವು ಮೊದಲೇ ಇರುತ್ತದೆ. ಎಲ್‌ಇಡಿ ದೀಪಗಳ ಬಳಕೆಯಿಂದ ಕಂಬದ ಮೇಲಿನ ಹೊರೆಯೂ ತಗ್ಗಿದೆ. 2008ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪನೆಯಾದ ಯುಬಿಟ್ರಿಸಿಟಿ ಸಂಸ್ಥೆಯು ಈ ಅನುಕೂಲವನ್ನು ಬಳಸಿಕೊಂಡು ಕಂಬದೊಳಗೇ ಅಳವಡಿಸಬಹುದಾದ ಚಾರ್ಜಿಂಗ್ ಸಾಕೆಟ್ಟನ್ನು ರೂಪಿಸಿತು. ಮಾರ್ಚ್ 2020ರಲ್ಲಿ ಸೀಮೆನ್ಸ್ ಸಂಸ್ಥೆಯ ಸಹಯೋಗದಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ಸದರ್ಲೆಂಡ್ ಅವೆನ್ಯೂ ರಸ್ತೆಯ 24 ಕಂಬಗಳನ್ನು ಹೀಗೆ ಪರಿವರ್ತಿಸಲಾಯಿತು. 2021ರಲ್ಲಿ ಶೆಲ್ ಕಂಪನಿಯು ಯುಬಿಟ್ರಿಸಿಟಿಯನ್ನು ಕೊಂಡುಕೊಂಡದ್ದು ಈ ಕ್ಷೇತ್ರದ ಬಗ್ಗೆ ತೈಲೋದ್ಯಮಕ್ಕಿರುವ ಆಸಕ್ತಿಯನ್ನು ಸೂಚಿಸುತ್ತದೆ.

ಇಂತಹ ಕಂಬದ ಸಾಮರ್ಥ್ಯವು ಸುಮಾರು 5 ಕಿಲೋವಾಟ್. ಇದು ನಿಧಾನಗತಿಯದೆಂದು ತೋರಬಹುದು. ಆದರೆ ರಾತ್ರಿಯ 8 ಗಂಟೆಗಳಲ್ಲಿ 40 ಯೂನಿಟ್ ವಿದ್ಯುತ್ ದೊರೆಯುತ್ತದೆ. ಯೂನಿಟ್ಟಿಗೆ 6 ಕಿ.ಮೀ.ನಂತೆ ಲೆಕ್ಕ ಹಾಕಿದರೆ 240 ಕಿ.ಮೀ. ದೂರ ಕ್ರಮಿಸಬಹುದು. ದಿನಕ್ಕೆ 40 ಕಿ.ಮೀ. ಸಂಚರಿಸುವವನಿಗೆ ಅದು ಆರು ದಿನಗಳಿಗೆ ಸಾಕು. ಅಂದರೆ ಪ್ರತಿ ಕಾರಿಗೂ ಒಂದು ಕಂಬದ ಅಗತ್ಯವಿಲ್ಲ.

ತೊಡಕುಗಳು

ಲೆಕ್ಕದಲ್ಲಿ ಸುಲಭವಾದುದು ಬೀದಿಯಲ್ಲಿ ಅಷ್ಟು ಸುಲಭವಲ್ಲ. ಚಾರ್ಜ್ ಪೂರ್ಣಗೊಂಡಿತೆಂದು ನಡುರಾತ್ರಿ ಎದ್ದು ಕಾರನ್ನು ಬೇರೆಡೆಗೆ ಸರಿಸುವವರು ವಿರಳ. ಸ್ಥಳವನ್ನು ಕಾಯ್ದಿರಿಸದಿದ್ದಲ್ಲಿ ಕಂಬದ ಬುಡದಲ್ಲಿ ಪೆಟ್ರೋಲ್ ಕಾರು ನಿಂತಿರುತ್ತದೆ. ಕಾಯ್ದಿರಿಸಿದಲ್ಲಿ ನೆರೆಹೊರೆಯವರ ಆಕ್ಷೇಪಣೆ ಎದುರಾಗುತ್ತದೆ. ಕಂಬವು ಪಾದಚಾರಿ ಮಾರ್ಗದ ಒಳ ಅಂಚಿನಲ್ಲಿದ್ದರೆ ಅಡ್ಡಬೀಳುವ ಕೇಬಲ್ಲಿನಿಂದ ವೃದ್ಧರಿಗೂ ಅಂಧರಿಗೂ ಅಪಾಯವುಂಟು. ಆಕ್ಸ್‌ಫರ್ಡ್ ನಗರವು ಪಾದಚಾರಿ ಮಾರ್ಗದಲ್ಲಿ ಕಿರಿದಾದ ಗಾಡಿ ತೆಗೆದು ಮನೆಯ ಕೇಬಲ್ಲನ್ನು ಅದರೊಳಗೆ ಹಾಯಿಸುವ ಪ್ರಯೋಗವನ್ನು ಕೈಗೊಂಡದ್ದು ಈ ಕಾರಣದಿಂದಲೇ.

ಬಂಡವಾಳ ಮತ್ತು ಬೆಲೆ

ಬೀದಿಬದಿಯ ಚಾರ್ಜಿಂಗ್‌ಗಾಗಿ ಬ್ರಿಟಿಷ್ ಸರ್ಕಾರವು ನಡೆಸಿದ, 2024ರಲ್ಲಿ ಮುಕ್ತಾಯಗೊಂಡ ಯೋಜನೆಯು ಆರಂಭದಲ್ಲಿ ಬಂಡವಾಳ ವೆಚ್ಚದ ಶೇ. 75ರವರೆಗೆ ಸ್ಥಳೀಯ ಸಂಸ್ಥೆಗಳಿಗೆ ಸಹಾಯಧನ ನೀಡಿತು. ಹೀಗೆ ಬಂಡವಾಳದ ಸಮಸ್ಯೆಯು ಬಹುಮಟ್ಟಿಗೆ ಪರಿಹಾರವಾದರೂ ಬೆಲೆಯ ಸಮಸ್ಯೆಯು ಉಳಿಯಿತು. ಅಲ್ಲಿ ಗೃಹಬಳಕೆಯ ವಿದ್ಯುತ್ತಿಗೆ ಮೌಲ್ಯವರ್ಧಿತ ತೆರಿಗೆ ಶೇ. 5. ಸಾರ್ವಜನಿಕ ಚಾರ್ಜಿಂಗ್‌ಗಾದರೆ ತೆರಿಗೆ ಇಲಾಖೆಯು ಶೇ. 20ರ ದರವನ್ನು ಅನ್ವಯಿಸಿತು. ಇದು ದೀರ್ಘಕಾಲದ ವಿವಾದಕ್ಕೆ ಎಡೆಮಾಡಿತು. ನಿರ್ವಹಣಾ ವೆಚ್ಚವೂ ಇದಕ್ಕೆ ಸೇರುತ್ತದೆ. ಗ್ಯಾರೇಜ್ ಉಳ್ಳವನು ಕಡಿಮೆ ತೆತ್ತು, ಇಲ್ಲದವನು ಹೆಚ್ಚು ತೆರುವ ಈ ವ್ಯವಸ್ಥೆಯಲ್ಲಿ ಬೀದಿಬದಿಯ ನಿವಾಸಿಯು ಪೆಟ್ರೋಲನ್ನು ತ್ಯಜಿಸಲು ಕಾರಣವೇ ಕ್ಷೀಣಿಸುತ್ತದೆ.

ನಮ್ಮ ಮುಂದಿರುವ ಪ್ರಶ್ನೆ

ಈ ವ್ಯತ್ಯಾಸವು ಕರ್ನಾಟಕಕ್ಕೂ ಅಪರಿಚಿತವಲ್ಲ. 2017ರಲ್ಲಿ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿ ನಮ್ಮ ರಾಜ್ಯವು ದೇಶಕ್ಕೆ ಮಾದರಿಯಾಯಿತು. ಚಾರ್ಜಿಂಗ್ ಎಂಬುದು ವಿದ್ಯುತ್ ಮಾರಾಟವಲ್ಲ, ಸೇವೆ; ಅದಕ್ಕೆ ವಿದ್ಯುತ್ ಕಾಯ್ದೆಯನ್ವಯ ಪರವಾನಗಿ ಬೇಕಿಲ್ಲ ಎಂದು ಕೇಂದ್ರ ಇಂಧನ ಸಚಿವಾಲಯವು 2018ರಲ್ಲಿ ಸ್ಪಷ್ಟಪಡಿಸಿತು. ಇದರಿಂದ ಖಾಸಗಿ ಉದ್ಯಮಿಗಳಿಗೆ ಬಾಗಿಲು ತೆರೆಯಿತು. ಆದರೆ ಅದೇ ‘ಸೇವೆ’ ಎಂಬ ಪರಿಗಣನೆಯು ತೆರಿಗೆಯನ್ನೂ ತಂದಿತು. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಅರ್ಜಿಯ ಮೇರೆಗೆ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವು 2023ರಲ್ಲಿ, ಸಾರ್ವಜನಿಕ ಕೇಂದ್ರದ ಚಾರ್ಜಿಂಗ್ ಶುಲ್ಕಕ್ಕೆ ಶೇ. 18ರ ಜಿಎಸ್‌ಟಿ ಅನ್ವಯಿಸುತ್ತದೆಂದು ತೀರ್ಪಿತ್ತಿತು. ಮನೆಯ ವಿದ್ಯುತ್ ಬಿಲ್ಲಿಗೆ ಜಿಎಸ್‌ಟಿ ಇಲ್ಲ. ವಿದ್ಯುತ್ ವಾಹನದ ಮೇಲಿನ ತೆರಿಗೆಯಾದರೋ 2019ರ ಆಗಸ್ಟ್‌ನಲ್ಲಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು.

ಲಂಡನ್ನಿನ ಕಂಬವನ್ನು ಇಲ್ಲಿ ಯಥಾವತ್ತಾಗಿ ನೆಡಲಾಗದು. ನಮ್ಮ ಬೀದಿದೀಪಗಳು ಬಹುತೇಕ ಗುಂಪಾಗಿ ಒಂದೇ ಸ್ವಿಚ್ಚಿನ ನಿಯಂತ್ರಣದಲ್ಲಿದ್ದು, ಹಗಲಿನಲ್ಲಿ ಆ ತಂತಿಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ನಮ್ಮಲ್ಲಿ ದ್ವಿಚಕ್ರ ವಾಹನಗಳೇ ಅಧಿಕ. ಅವುಗಳಿಗೆ ಬೇಕಾಗುವ ವಿದ್ಯುತ್ತು ಕಾರಿನದಕ್ಕಿಂತ ಬಹಳ ಕಡಿಮೆ. ಅಂಗಡಿಯ ಮುಂಭಾಗ, ವಠಾರದ ಕಾಂಪೌಂಡ್, ರಾತ್ರಿ ಬರಿದಾಗಿರುವ ವಾಣಿಜ್ಯ ಸಂಕೀರ್ಣದ ನಿಲುಗಡೆ ಸ್ಥಳ ಇವುಗಳನ್ನು ಉದ್ಯಮಿಗಳು ಅಲ್ಪ ಬಂಡವಾಳದಲ್ಲಿ ಸಜ್ಜುಗೊಳಿಸಬಹುದಾಗಿದೆ. ಅದರೊಡನೆ ಮನೆಯ ದರಕ್ಕೂ ಬೀದಿಯ ದರಕ್ಕೂ ಇರುವ ಅಂತರವನ್ನು ತಗ್ಗಿಸುವಂತೆ ಸರ್ಕಾರದ ಗಮನ ಸೆಳೆಯುವುದು ವಾಣಿಜ್ಯ ಸಮುದಾಯದ ಕರ್ತವ್ಯವಾಗಿದೆ. ನೆರಳಿರುವ ಮನೆಯವನಿಗೆ ದೊರೆತ ಅಗ್ಗದ ಇಂಧನವು ಬೀದಿಯಲ್ಲಿ ವಾಹನ ನಿಲ್ಲಿಸುವವನಿಗೂ ದೊರೆತಾಗ ಮಾತ್ರ ಈ ಮಾರುಕಟ್ಟೆಯು ಪೂರ್ಣವಾಗಿ ಬೆಳೆಯಬಲ್ಲದು.