ಮೂಳೆ ಮುರಿತದ ಶಸ್ತ್ರಚಿಕಿತ್ಸೆಗೆ ಮೂರು ಆಯಾಮದ ಮಾದರಿ: ಸಣ್ಣ ಉದ್ಯಮಿಗೊಂದು ಲೆಕ್ಕಾಚಾರ

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ಅಚ್ಚಿನ ಮಹತ್ವ ನಮ್ಮ ಉದ್ಯಮಿಗಳಿಗೆ ತಿಳಿದದ್ದೇ ಆಗಿದೆ. ಒಂದು ಅಚ್ಚಿನಿಂದ ಸಾವಿರಾರು ಹೆಂಚು ತೆಗೆಯುವುದೇ ಅಲ್ಲಿ ಲಾಭದ ಮೂಲ. ಇದಕ್ಕೆ ತದ್ವಿರುದ್ಧವಾಗಿ, ಪ್ರತಿಯೊಬ್ಬ ರೋಗಿಗೂ ಬೇರೆಯದೇ ಆದ ಒಂದೊಂದು ಮಾದರಿಯನ್ನು ತಯಾರಿಸುವ ಕೆಲಸವೂ ಈಗ ಉದ್ಯಮವಾಗಿದೆ. ಬೆಂಗಳೂರಿನ ಡಿಎಫ್3ಡಿ ಸಂಸ್ಥೆಯು 'ಆಸ್ಟಿಯೋ3ಡಿ' ಎಂಬ ಹೆಸರಿನಲ್ಲಿ ಆಸ್ಪತ್ರೆಗಳಿಗೆ ಇಂತಹ ಸೇವೆಯನ್ನು ಒದಗಿಸಿತು. ಹಲವು ವೈದ್ಯಕೀಯ ಕಾಲೇಜುಗಳೂ ಬೈಕಂಪಾಡಿ, ಯೆಯ್ಯಾಡಿಗಳಂತಹ ಕೈಗಾರಿಕಾ ಪ್ರದೇಶಗಳೂ ಇರುವ ನಮ್ಮ ನಗರದ ಸದಸ್ಯರು ಇದನ್ನು ಅರಿತಿರುವುದು ಒಳಿತು.

ಕಾರ್ಯವಿಧಾನ

ಸೊಂಟದ ಕೀಲಿನ ಬಟ್ಟಲು ಅಥವಾ ಮೊಣಕಾಲಿನ ಕೀಲಿನ ಮೇಲ್ಮೈ ಹಲವು ಚೂರುಗಳಾದಾಗ ಸಾಮಾನ್ಯ ಎಕ್ಸ್-ರೇಯಿಂದ ಚೂರುಗಳ ಸ್ಥಾನ ಪೂರ್ತಿಯಾಗಿ ತಿಳಿಯದು. ಸಿ.ಟಿ. ಸ್ಕ್ಯಾನಿನ ತೆಳುವಾದ ಪದರಚಿತ್ರಗಳಿಂದ ಮೂಳೆಯ ಭಾಗವನ್ನು ಗಣಕದಲ್ಲಿ ಬೇರ್ಪಡಿಸಿ, ನಿಜ ಗಾತ್ರದ ಪ್ಲಾಸ್ಟಿಕ್ ಮಾದರಿಯನ್ನು ಪದರಪದರವಾಗಿ ಮುದ್ರಿಸಲಾಗುತ್ತದೆ. ಗಾಯವಾಗದ ಬದಿಯ ಮೂಳೆಯನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಮುದ್ರಿಸಿದರೆ, ಲೋಹದ ಪ್ಲೇಟನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಅದರ ಮೇಲಿಟ್ಟು ಬಗ್ಗಿಸಿಕೊಳ್ಳಬಹುದು. ಇದರಿಂದ ರೋಗಿ ಶಸ್ತ್ರಚಿಕಿತ್ಸಾ ಮೇಜಿನ ಮೇಲಿರುವ ಸಮಯವೂ ರಕ್ತಸ್ರಾವವೂ ಕಡಿಮೆಯಾಗಬಲ್ಲವು. ಆದರೆ ಮೃದ್ವಸ್ಥಿ, ನರ, ರಕ್ತನಾಳಗಳನ್ನು ಈ ಮಾದರಿ ತೋರಿಸುವುದಿಲ್ಲ. ತೀರ್ಮಾನ ಯಾವಾಗಲೂ ವೈದ್ಯರದೇ.

ವೆಚ್ಚದ ಲೆಕ್ಕ

ಪ್ಲಾಸ್ಟಿಕ್ ತಂತಿಯ ತೂಕ ನೋಡಿ ದರ ಹೇಳುವುದು ಹೊಸಬರ ಸಾಮಾನ್ಯ ತಪ್ಪು. ಉದಾಹರಣೆಗೆ ಯಂತ್ರದ ಬೆಲೆ ರೂ. 2 ಲಕ್ಷ, ಆಯುಷ್ಯ 5 ವರ್ಷ, ಬಳಕೆ ವರ್ಷಕ್ಕೆ 2,000 ಗಂಟೆ ಎಂದು ಭಾವಿಸೋಣ. ಗಂಟೆಗೆ ರೂ. 20ರಂತೆ 15 ಗಂಟೆಯ ಮುದ್ರಣಕ್ಕೆ ರೂ. 300, ತಂತಿಗೆ ರೂ. 200, ವಿದ್ಯುತ್ತಿಗೆ ರೂ. 50, ಒಟ್ಟು ರೂ. 550. ಐದರಲ್ಲೊಂದು ಮುದ್ರಣ ಕೆಟ್ಟರೆ ಇದು ಸುಮಾರು ರೂ. 690 ಆಗುತ್ತದೆ. ಗಣಕದ ಮುಂದೆ ಕುಳಿತ ಕುಶಲಕರ್ಮಿಯ 4 ಗಂಟೆಗೆ ರೂ. 1,200 ಸೇರಿಸಿದರೆ ರೂ. 1,890. ಬಳಕೆ ವರ್ಷಕ್ಕೆ 500 ಗಂಟೆಗೆ ಇಳಿದರೆ ಇದೇ ಮಾದರಿಗೆ ಸುಮಾರು ರೂ. 3,010 ತಗಲುತ್ತದೆ. ಅರ್ಥಾತ್, ಇಲ್ಲಿ ನಷ್ಟ ತರುವುದು ತಂತಿಯ ಬೆಲೆಯಲ್ಲ, ಖಾಲಿ ನಿಂತ ಯಂತ್ರ.

ತೆರಿಗೆ ಮತ್ತು ಕಾನೂನು

ಆಸ್ಪತ್ರೆಯ ಚಿಕಿತ್ಸಾ ಸೇವೆ ಬಹುಮಟ್ಟಿಗೆ ಜಿ.ಎಸ್.ಟಿ.ಯಿಂದ ಮುಕ್ತ. ಆದುದರಿಂದ ತಾವು ವಿಧಿಸುವ ತೆರಿಗೆಯನ್ನು ಅದು ಹೂಡುವಳಿ ತೆರಿಗೆಯಾಗಿ ಹಿಂಪಡೆಯಲಾರದು. ತೆರಿಗೆಯೂ ಅದಕ್ಕೆ ವೆಚ್ಚವೇ. ದರಪಟ್ಟಿಯಲ್ಲಿ ತೆರಿಗೆ ಸಹಿತ ಮೊತ್ತವನ್ನೇ ತೋರಿಸಿರಿ. ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಹಾಗೂ ಸಣ್ಣ ಉತ್ಪಾದಕರಿಗೆ 2006ರ ಕಾಯ್ದೆಯಂತೆ, ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ.

ವೈದ್ಯಕೀಯ ಸಾಧನಗಳ ನಿಯಮಗಳು, 2017, ಸಾಧನಗಳನ್ನು ಅಪಾಯಕ್ಕೆ ಅನುಗುಣವಾಗಿ ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತವೆ. ಎ, ಬಿ ವರ್ಗಗಳ ತಯಾರಿಕೆಗೆ ರಾಜ್ಯದ, ಉಳಿದವಕ್ಕೆ ಕೇಂದ್ರದ ಪ್ರಾಧಿಕಾರ ಪರವಾನಗಿ ನೀಡುತ್ತದೆ. ಮೇಜಿನ ಮೇಲಿಡುವ ಮಾದರಿ ಬೇರೆ, ರೋಗಿಯ ದೇಹವನ್ನು ಸ್ಪರ್ಶಿಸುವ ಕೊರೆಯುವ ಮಾರ್ಗದರ್ಶಿ ಬೇರೆ. ಬೇಡಿಕೆ ಒಪ್ಪಿಕೊಳ್ಳುವ ಮುನ್ನ ವರ್ಗವನ್ನು ಖಚಿತಪಡಿಸಿಕೊಳ್ಳಿರಿ.

ಎಚ್ಚರಿಕೆ

ಎಡ–ಬಲ ಅದಲುಬದಲಾದರೆ ಮಾದರಿ ಇಲ್ಲದಿರುವುದಕ್ಕಿಂತ ಹೆಚ್ಚು ಅಪಾಯ. ಪ್ರತಿ ಮಾದರಿಯ ಮೇಲೂ ಬದಿಯನ್ನು ಗುರುತಿಸಿ, ವರ್ನಿಯರ್ ಕ್ಯಾಲಿಪರಿನಿಂದ ಅಳೆದು ಸ್ಕ್ಯಾನಿನ ಅಳತೆಯೊಂದಿಗೆ ತಾಳೆ ನೋಡಿ ದಾಖಲಿಸಿರಿ. ಅಗ್ಗದ ಪಿ.ಎಲ್.ಎ. ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುತ್ತದೆ. 121 ಡಿಗ್ರಿಯ ಹಬೆಯಲ್ಲಿ ಅದನ್ನು ಶುದ್ಧೀಕರಿಸುವಂತಿಲ್ಲ ಎಂಬುದನ್ನು ಆಸ್ಪತ್ರೆಗೆ ಲಿಖಿತವಾಗಿ ತಿಳಿಸಿರಿ. ಮುರಿತದ ಶಸ್ತ್ರಚಿಕಿತ್ಸೆ ಹೆಚ್ಚು ದಿನ ಕಾಯದು. ತಡವಾಗಿ ತಲುಪಿದ ಮಾದರಿಗೆ ಬೆಲೆಯಿಲ್ಲ. ಆದ್ದರಿಂದ ಯಂತ್ರ ಕೊಳ್ಳುವ ಮೊದಲು ಶಸ್ತ್ರವೈದ್ಯರನ್ನು ಕಂಡು, ತಿಂಗಳಿಗೆ ಎಷ್ಟು ಮಾದರಿ, ಎಷ್ಟು ದಿನದೊಳಗೆ ಬೇಕು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಪಡೆಯಿರಿ. ಬ್ಯಾಂಕಿನ ಸಾಲದ ಅರ್ಜಿ ಆ ನಂತರದ ಮಾತು.